ಮರ ಆಮೇಲೆ ನೋಡೋಣ, ಮೊದಲು ಗುಂಡು ಯಾವ್ದು ಹೇಳಿ

ಸಂಪಾದಕರಿಗೆ ನಮಸ್ಕಾರ,

ಬ್ಯಾರೆಲ್‌ನ ಬಾಯಿಂದ ಮದ್ದು ತುಂಬೋ ಟಾರ್ಗೆಟ್ ರೈಫಲ್‌ನ ಆರ್ಡರ್ ಕೊಟ್ಟು ಕಟ್ಟಿಸ್ಕೊಳ್ಳೋದ್ರ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಇಂಥ ವಿಷಯ ಕನ್ನಡದಲ್ಲಿ ಬರೋದೇ ಅಪರೂಪ, ಅದಕ್ಕೆ ಥ್ಯಾಂಕ್ಸ್. ಆದ್ರೆ ಒಂದು ತಕರಾರಿದೆ. ಮುಕ್ಕಾಲು ಲೇಖನ ವಾಲ್‌ನಟ್ ಮರದ ಗೆರೆ, ಹಿತ್ತಾಳೆ ಪಟ್ಟಿ, ಲಾಕ್ (ಗುಂಡು ಹಾರಿಸೋ ಯಂತ್ರಭಾಗ) ಮೇಲಿನ ಕೆತ್ತನೆ ಇದ್ರಲ್ಲೇ ಮುಗಿದುಹೋಯ್ತು, ಬ್ಯಾರೆಲ್‌ಗೆ ಸಿಕ್ಕಿದ್ದು "ಒಳ್ಳೇದು ನೋಡಿ ತಗೊಳ್ಳಿ" ಅನ್ನೋ ಒಂದೇ ಸಾಲು. ಇದನ್ನ ನಂಬ್ಕೊಂಡು ಯಾರಾದ್ರೂ ಹೊರಟ್ರೆ ಗೋಡೆಗೆ ನೇತುಹಾಕೋಕೆ ಚೆಂದದ ರೈಫಲ್ ಸಿಗತ್ತೆ, ಟಾರ್ಗೆಟ್ ಮೇಲೆ ಮಾತ್ರ ಗುಂಡು ಎಲ್ಲೆಲ್ಲೋ ಬೀಳತ್ತೆ.

ಪ್ಲಾನ್ ಶುರುವಾಗ್ಬೇಕಿರೋದು ಯಾವ ಪಂದ್ಯಕ್ಕೆ ಅನ್ನೋದ್ರಿಂದ. ಹಳೇ ಕೋವಿಗಳ ಅಂತಾರಾಷ್ಟ್ರೀಯ ಪಂದ್ಯ ನಡೆಸೋ ಎಂಎಲ್‌ಎಐಸಿ ಅಂತ ಒಂದು ಸಂಸ್ಥೆ ಇದೆ, ಅವರಲ್ಲಿ ವಿಟ್‌ವರ್ತ್ ಅನ್ನೋ ಪಂದ್ಯ 100 ಮೀಟರ್, ಮಲಗಿ ಹೊಡೆಯೋದು, ವೆಟರ್ಲಿ ಅಂದ್ರೆ 50 ಮೀಟರ್, ನಿಂತು ಹೊಡೆಯೋದು. ಎರಡಕ್ಕೂ ಒಂದೇ ರೈಫಲ್ ಸಾಕು ಅಂತ ಹೊರಟ್ರೆ ಎರಡ್ರಲ್ಲೂ ಅರ್ಧಂಬರ್ಧ. ಮಲಗಿ ಹೊಡೆಯೋರಿಗೆ ಭಾರ ಇದ್ರೆ ಒಳ್ಳೇದೇ, ನಿಂತು ಹೊಡೆಯೋರಿಗೆ ಭಾರಕ್ಕಿಂತ ಅದು ಎಲ್ಲಿ ತೂಗತ್ತೆ ಅನ್ನೋದು ಮುಖ್ಯ. ಇನ್ನೊಂದು ವಿಷಯ, ಅಲ್ಲಿ ಹೊಸದಾಗಿ ಮಾಡಿಸಿದ ರೈಫಲ್ ಹಳೇ ಮಾದರಿಗೆ ಹೊಂದಬೇಕು, ಟೆಲಿಸ್ಕೋಪ್ ನಡೆಯಲ್ಲ. ನಮ್ಮಿಷ್ಟದ ಲಾಕು, ಗುರಿ ನೋಡೋಕೆ ನಮ್ಮಿಷ್ಟದ ಸೈಟು ಅಂತ ಕಲಸುಮೇಲೋಗರ ಮಾಡಿ ತಗೊಂಡು ಹೋದ್ರೆ ತಪಾಸಣೆಯಲ್ಲೇ ವಾಪಸ್ ಕಳಿಸಬಹುದು, ಹಾಗಾಗಿ ರೂಲ್ ಬುಕ್ ಓದಿದ ಮೇಲೇ ಆರ್ಡರ್ ಕೊಡಿ.

ಪಂದ್ಯ ಗೊತ್ತಾದ ಮೇಲೆ ಗುಂಡು. ಬಟ್ಟೆ ಸುತ್ತಿ ತುಂಬೋ ದುಂಡು ಗುಂಡೋ, ಉದ್ದದ ಸೀಸದ ಗುಂಡೋ? ಗುಂಡನ್ನ ತಿರುಗಿಸೋಕೆ ಬ್ಯಾರೆಲ್ ಒಳಗೆ ಸುರುಳಿಯಾಗಿ ಕೊರೆದಿರೋ ರೈಫ್ಲಿಂಗ್ ಎಷ್ಟು ಇಂಚಿಗೆ ಒಂದು ಸುತ್ತು ಬರಬೇಕು ಅನ್ನೋದು ಪೂರ್ತಿ ಇದ್ರ ಮೇಲೇ ನಿಂತಿದೆ. 1879ರಲ್ಲಿ ಗ್ರೀನ್‌ಹಿಲ್ ಅನ್ನೋ ಗಣಿತದ ಪ್ರೊಫೆಸರ್ ಕೊಟ್ಟ ಸೂತ್ರ ಈಗ್ಲೂ ನಡೆಯತ್ತೆ: ಗುಂಡಿನ ಅಡ್ಡಳತೆಯ ವರ್ಗವನ್ನ 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿ, ಎಲ್ಲಾ ಇಂಚಲ್ಲೇ. ಅರ್ಧ ಇಂಚಿನ ದುಂಡು ಗುಂಡಿಗೆ 75 ಇಂಚಿಗೆ ಒಂದು ಸುತ್ತು ಬರತ್ತೆ. ಅದೇ 0.451 ಇಂಚು ದಪ್ಪ, 1.35 ಇಂಚು ಉದ್ದದ ಗುಂಡಿಗೆ ಲೆಕ್ಕ ಹಾಕಿ, 22-23 ಇಂಚಿಗೇ ಒಂದು ಸುತ್ತು ಬೇಕು. ಎಷ್ಟು ವ್ಯತ್ಯಾಸ ನೋಡಿ! ತಪ್ಪು ಸುತ್ತಿನ ಬ್ಯಾರೆಲ್‌ನ ಎಂಥಾ ಮರದಲ್ಲಿ ಕೂರಿಸಿದ್ರೂ ಅಷ್ಟೇ.

ತಮಾಷೆ ಅಂದ್ರೆ ಈ ಸೂತ್ರ ಬರೋಕೆ ಇಪ್ಪತ್ತು ವರ್ಷಕ್ಕೂ ಮೊದ್ಲೇ ಜೋಸೆಫ್ ವಿಟ್‌ವರ್ತ್ ಅನ್ನೋ ಇಂಗ್ಲಿಷ್ ಎಂಜಿನಿಯರ್ ಹೆಚ್ಚುಕಡಿಮೆ ಇದೇ ಉತ್ತರಕ್ಕೆ ಬಂದಿದ್ದ. ಆಗ ಬ್ರಿಟಿಷ್ ಸೈನ್ಯದ ಎನ್‌ಫೀಲ್ಡ್ ರೈಫಲ್ 0.577 ಇಂಚು ಬೋರು (ಬ್ಯಾರೆಲ್ ಒಳಗಿನ ಅಡ್ಡಳತೆ), 78 ಇಂಚಿಗೆ ಒಂದು ಸುತ್ತು. ಇವ್ನು ಮ್ಯಾಂಚೆಸ್ಟರ್‌ನ ತನ್ನ ಮನೆ ಜಾಗದಲ್ಲೇ 500 ಯಾರ್ಡ್ ಉದ್ದದ ಗ್ಯಾಲರಿ ಕಟ್ಟಿಸಿ, ಹೊಡೆದು ಹೊಡೆದು ನೋಡಿ, 0.451 ಬೋರು, ಆರು ಮೂಲೆಯ ಬ್ಯಾರೆಲ್, 20 ಇಂಚಿಗೆ ಒಂದು ಸುತ್ತು ಅಂತ ತೀರ್ಮಾನಕ್ಕೆ ಬಂದ. 1860ರಲ್ಲಿ ವಿಂಬಲ್ಡನ್‌ನಲ್ಲಿ ನಡೆದ ರೈಫಲ್ ಪಂದ್ಯಕ್ಕೆ ವಿಕ್ಟೋರಿಯಾ ರಾಣಿ 400 ಯಾರ್ಡಿಂದ ಉದ್ಘಾಟನೆಯ ಗುಂಡು ಹೊಡೆದಿದ್ದು ವಿಟ್‌ವರ್ತ್ ರೈಫಲಲ್ಲೇ, ಗುಂಡು ಟಾರ್ಗೆಟ್‌ನ ಮಧ್ಯದಿಂದ ಒಂದೂಕಾಲು ಇಂಚಿನ ಒಳಗೇ ಬಿತ್ತು. ರೈಫಲ್‌ನ ಸ್ಟ್ಯಾಂಡಿಗೆ ಬಿಗಿದು ಮೊದ್ಲೇ ಗುರಿ ಇಟ್ಟಿದ್ರು, ರಾಣಿ ದಾರ ಎಳೆದಿದ್ದಷ್ಟೇ, ಅದು ಬೇರೆ ಮಾತು. ಆದ್ರೆ ಈ ರೈಫಲ್‌ಗಳಿಗೆ ಹಾಕೋ ಹಳೇ ಕಾಲದ ಕರಿಮದ್ದು ಸುಟ್ಟ ಮೇಲೆ ಅದರ ತೂಕದ ಅರ್ಧಕ್ಕಿಂತ ಜಾಸ್ತಿ ಹೊಗೆ-ಮಸಿ ರೂಪದ ಘನವಾಗೇ ಉಳಿಯತ್ತೆ, ಅದು ಬ್ಯಾರೆಲ್ ಒಳಗೆ ಮೆತ್ತಿಕೊಂಡು, ನಾಕು ಗುಂಡು ಹೊಡೆದ್ರೆ ಐದನೇದಕ್ಕೆ ಗಜ ಹಾಕಿ ಜಡಿಯೋದೇ ಸಾಹಸ. ಅದಕ್ಕೇ ಮುಂದೆ ಮೆಟ್‌ಫೋರ್ಡ್‌ನಂಥ ಎಂಜಿನಿಯರ್‌ಗಳು ಆಳ ಕಮ್ಮಿ ಇರೋ ರೈಫ್ಲಿಂಗ್, ಕಾಗದ ಸುತ್ತಿದ ಗಟ್ಟಿ ಗುಂಡು ಅಂತ ಹೊರಟ್ರು. ಇದೂ ಪ್ಲಾನಲ್ಲೇ ಬರತ್ತೆ, ಪ್ರತಿ ಗುಂಡಿಗೂ ಬ್ಯಾರೆಲ್ ಒರೆಸ್ತೀರೋ ಇಲ್ವೋ ಅನ್ನೋದ್ರ ಮೇಲೆ ಗುಂಡಿನ ಅಳತೆ, ಗ್ರೀಸು ಎಲ್ಲಾ ಬದಲಾಗತ್ತೆ.

ಉದ್ದ ಗುಂಡನ್ನ ಬಾಯಲ್ಲಿ ನೆಟ್ಟಗೆ ಕೂರಿಸೋದೂ ಸುಲಭ ಅಲ್ಲ, ಕೂದಲೆಳೆಯಷ್ಟು ವಾಲಿದ್ರೂ ದೂರದಲ್ಲಿ ಗೊತ್ತಾಗತ್ತೆ. ಇದಕ್ಕೆ ಫಾಲ್ಸ್ ಮಜಲ್ ಅಂತ ಉಪಾಯ ಇದೆ. ಬ್ಯಾರೆಲ್‌ನ ತುದಿಯನ್ನೇ ಒಂದು ತುಂಡು ಕತ್ತರಿಸಿ, ಪಿನ್ ಹಾಕಿ ವಾಪಸ್ ಜೋಡಿಸಿ, ಆಮೇಲೆ ಎರಡಕ್ಕೂ ಒಟ್ಟಿಗೇ ರೈಫ್ಲಿಂಗ್ ಕೊಯ್ಯೋದು. ತುಂಬುವಾಗ ಸಿಕ್ಕಿಸಿ, ಹೊಡೆಯೋ ಮುಂಚೆ ತೆಗೆದಿಡೋದು. ಇದ್ರ ಪೇಟೆಂಟ್ 1840ರಲ್ಲಿ ತಗೊಂಡ ಅಮೆರಿಕದ ಆಲ್ವನ್ ಕ್ಲಾರ್ಕ್ ಮುಂದೆ ದೂರದರ್ಶಕದ ಲೆನ್ಸ್ ಮಾಡೋಕೆ ಇಳಿದ, ಲಿಕ್ ವೀಕ್ಷಣಾಲಯದ 36 ಇಂಚಿನ ಲೆನ್ಸ್ ಅವನ ಕಂಪನಿದೇ. ಇದು ಬೇಕು ಅಂದ್ರೆ ಮೊದ್ಲೇ ಹೇಳಬೇಕು, ಬ್ಯಾರೆಲ್ ಉದ್ದ ತಗೋಬೇಕಾಗತ್ತೆ, ರೈಫಲ್ ರೆಡಿ ಆದ್ಮೇಲೆ ಕೇಳಿದ್ರೆ ಕೆಲಸಗಾರ ಕೈ ಮುಗೀತಾನೆ.

ಲಾಕ್ ಬಗ್ಗೆ ಒಂದು ಸಣ್ಣ ವಿಷಯ, ಆರ್ಡರ್ ಕೊಡೋರು ಬಹಳ ಜನ ಕೇಳೋದೇ ಇಲ್ಲ. ಮುಟ್ಟಿದ್ರೆ ಸಾಕು ಹಾರೋ ಸೆಟ್ ಟ್ರಿಗರ್ ಬೇಕು ಅಂತೀರಲ್ಲ, ಆಗ ಲಾಕ್ ಒಳಗೆ ಹ್ಯಾಮರ್ (ಬಡಿದು ಕಿಡಿ ಹುಟ್ಟಿಸೋ ಸುತ್ತಿಗೆ) ಜೊತೆ ತಿರುಗೋ ಟಂಬ್ಲರ್‌ಗೆ ಫ್ಲೈ ಅನ್ನೋ ಪುಟಾಣಿ ತುಂಡು ಇದ್ಯಾ ನೋಡಿ, ಅಕ್ಕಿಕಾಳಿನಷ್ಟು ದೊಡ್ಡದಿದ್ರೆ ಹೆಚ್ಚು. ಮಾಮೂಲಿ ಟ್ರಿಗರಲ್ಲಿ ನಮ್ಮ ಬೆರಳು ಒತ್ತಿಕೊಂಡೇ ಇರೋದ್ರಿಂದ ಸಿಯರ್‌ನ (ಟಂಬ್ಲರ್‌ನ ಹಿಡಿದಿಡೋ ಕೊಕ್ಕೆ) ಮೂತಿ ದೂರ ಇರತ್ತೆ, ಸೆಟ್ ಟ್ರಿಗರ್ ಒಂದೇ ಏಟು ಹೊಡೆದು ಬಿಟ್ಟುಬಿಡತ್ತೆ, ಹ್ಯಾಮರ್ ಬೀಳುವಾಗ ಸಿಯರ್ ಹಾಫ್ ಕಾಕ್ (ಹ್ಯಾಮರ್‌ನ ಅರ್ಧ ಎತ್ತಿ ನಿಲ್ಲಿಸೋ) ಕಚ್ಚಿಗೆ ಬಂದು ಸಿಕ್ಕಾಕೊಳ್ಳತ್ತೆ. ಫ್ಲೈ ಆ ಕಚ್ಚನ್ನ ಮುಚ್ಚಿ ಮೂತಿಯನ್ನ ದಾಟಿಸತ್ತೆ. ಮದ್ದಿಗೆ ಕಿಡಿ ಕೊಡೋ ಕೇಪು ಕೂರೋ ನಿಪ್ಪಲ್ ಸಿಗೋವಂಥ ಅಳತೆದೇ ಹಾಕಿಸಿ, ಬಿಸಿ ಗ್ಯಾಸಿಗೆ ಅದ್ರ ತೂತು ದೊಡ್ಡದಾಗ್ತಾ ಹೋಗತ್ತೆ, ಬದಲಾಯಿಸೋದು ಇದ್ದಿದ್ದೇ.

ಮರ ಬರೋದು ಈಗ. ಅದ್ರಲ್ಲೂ ಮೊದಲು ಕೆನ್ನೆ ಎಲ್ಲಿ ಕೂರತ್ತೆ, ಹೆಗಲಿಗೆ ಕೊಡೋ ಬಟ್‌ನಿಂದ ಟ್ರಿಗರ್‌ಗೆ ಎಷ್ಟು ದೂರ, ಕಣ್ಣು ಸೈಟಿನ ನೇರಕ್ಕೆ ತಾನಾಗೇ ಬರತ್ತಾ ಅನ್ನೋದು, ಮಲಗಿ ಹೊಡೆಯೋರ ಅಳತೆ ನಿಂತು ಹೊಡೆಯೋರಿಗೆ ಆಗಲ್ಲ. ಗೆರೆ ಗಿರೆ ಕೊನೆಗೆ, ದುಡ್ಡು ಮಿಕ್ಕಿದ್ರೆ.

ಲೇಖನದಲ್ಲಿ ಬಿಟ್ಟುಹೋಗಿದ್ದು ಇನ್ನೊಂದಿದೆ, ಇದು ಬರದಿದ್ದಿದ್ದು ನನಗೆ ನಿಜಕ್ಕೂ ಸರಿ ಕಾಣ್ಲಿಲ್ಲ. ಈ ರೈಫಲ್‌ಗೆ ಹಾಕೋದು ಕರಿಮದ್ದು, ಇಲ್ಲಾ ಅದಕ್ಕೆ ಬದಲಿಯಾಗಿ ಅಂತಲೇ ಮಾಡಿರೋದು, ಅಷ್ಟೇ. ಈಗಿನ ತೋಟಾಗಳಲ್ಲಿರೋ ಹೊಗೆ ಇಲ್ಲದ ಪೌಡರ್‌ನ ಚಿಟಿಕೆ ಕೂಡ ಹಾಕಬಾರದು, ಒತ್ತಡಕ್ಕೆ ಬ್ಯಾರೆಲ್ ಸೀಳಿ ಕೈ, ಕಣ್ಣು ಹೋಗತ್ತೆ. ಹೊಸ ಬ್ಯಾರೆಲ್ ಪ್ರೂಫ್ ಟೆಸ್ಟ್ (ಹೆಚ್ಚು ಮದ್ದು ಹಾಕಿ ಹೊಡೆದು ನೋಡೋ ಪರೀಕ್ಷೆ) ಆಗಿದ್ಯಾ ಕೇಳಿ, ಲೈಸೆನ್ಸ್ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ, ಅಡ್ವಾನ್ಸ್ ಕೊಡೋ ಮುಂಚೆ ಅದನ್ನ ವಿಚಾರಿಸಿ.

ಲೇಖನದ ಎರಡನೇ ಕಂತು ಬರತ್ತೆ ಅಂತ ಹಾಕಿದ್ದೀರಿ. ದಯವಿಟ್ಟು ಅದ್ರಲ್ಲಿ ಫೋಟೋದಲ್ಲಿರೋ ಆ ರೈಫಲ್‌ನ ಬೋರು ಎಷ್ಟು, ಎಷ್ಟು ಇಂಚಿಗೆ ಒಂದು ಸುತ್ತು, ಯಾವ ಗುಂಡು ಅನ್ನೋದಾದ್ರೂ ಹಾಕಿ. ಸಾಧ್ಯ ಆದ್ರೆ ಅದು ಹೊಡೆದ ಒಂದು ಟಾರ್ಗೆಟ್‌ನ ಫೋಟೋನೂ.

ಇಂತಿ,
ನಿಮ್ಮ ಓದುಗ