ದಾನಪತ್ರದಲ್ಲಿ ಬಿಟ್ಟುಹೋಗುವ ಎರಡು ಸಾಲು: ಕಂದಾಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರೇ,

ವಯಸ್ಸಾದ ತಂದೆ ತಾಯಿ ಮನೆಯನ್ನೋ ಜಮೀನನ್ನೋ ಮಕ್ಕಳ ಹೆಸರಿಗೆ ಬರೆದುಕೊಡುವುದು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ. ಆಮೇಲೆ ಮಕ್ಕಳು ನೋಡಿಕೊಳ್ಳದೆ ಹೋದರೆ, ಬರೆದುಕೊಟ್ಟದ್ದನ್ನು ವಾಪಸ್ ಕೊಡಿಸಿ ಎಂದು ಅರ್ಜಿ ಹಿಡಿದು ಹೋಗುವುದು ಉಪವಿಭಾಗಾಧಿಕಾರಿಯ ಕಚೇರಿಗೆ. ಎರಡೂ ನಿಮ್ಮದೇ ಇಲಾಖೆ. ಮೊದಲ ಕಚೇರಿಯಲ್ಲಿ ಎರಡು ಸಾಲು ಬರೆಯದೆ ಬಿಟ್ಟರೆ ಎರಡನೆಯ ಕಚೇರಿಯಲ್ಲಿ ಅರ್ಜಿ ಬಿದ್ದುಹೋಗುತ್ತದೆ. ಆ ಎರಡು ಸಾಲಿನ ವಿಷಯವಾಗಿಯೇ ಈ ಪತ್ರ.

2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯ 23ನೇ ಕಲಂ ಹಿರಿಯರ ಪಾಲಿಗೆ ದೊಡ್ಡ ಆಸರೆ. ಕಾಯ್ದೆ ಜಾರಿಯಾದ ನಂತರ ಹಿರಿಯ ನಾಗರಿಕರು ದಾನವಾಗಿ ಅಥವಾ ಬೇರೆ ರೀತಿಯಲ್ಲಿ ಆಸ್ತಿ ವರ್ಗಾಯಿಸಿ, ಪಡೆದವರು ಅವರ ಮೂಲ ಅಗತ್ಯಗಳನ್ನು ನೋಡಿಕೊಳ್ಳದಿದ್ದರೆ, ಆ ವರ್ಗಾವಣೆ ಮೋಸದಿಂದಲೋ ಬಲವಂತದಿಂದಲೋ ಆದದ್ದೆಂದು ಭಾವಿಸಿ ಉಪವಿಭಾಗಾಧಿಕಾರಿಯ ನೇತೃತ್ವದ ನ್ಯಾಯಮಂಡಳಿ ಅದನ್ನು ಅಸಿಂಧು ಎಂದು ಘೋಷಿಸಬಹುದು. ಸಿವಿಲ್ ಕೋರ್ಟಿನಲ್ಲಿ ವರ್ಷಗಟ್ಟಲೆ ದಾವೆ ನಡೆಸಬೇಕಾಗಿಲ್ಲ. ಆದರೆ ಕಲಂನ ನಡುವೆ ಒಂದು ಮಾತಿದೆ: ನೋಡಿಕೊಳ್ಳಬೇಕೆಂಬ ‘ಷರತ್ತಿಗೆ ಒಳಪಟ್ಟು’ ವರ್ಗಾವಣೆ ಆಗಿರಬೇಕು.

ನಮ್ಮ ದಾನಪತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಇದಕ್ಕೆ ನೇರ ವಿರುದ್ಧವಾದ ಒಕ್ಕಣೆ. ‘ನಿಮ್ಮ ಮೇಲಿನ ಪ್ರೀತಿ ವಿಶ್ವಾಸಗಳಿಂದ ಸ್ವಇಚ್ಛೆಯಿಂದ ದಾನ ಮಾಡಿರುತ್ತೇನೆ, ಇನ್ನು ಮುಂದೆ ಸದರಿ ಸ್ವತ್ತಿನಲ್ಲಿ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವುದೇ ಹಕ್ಕು ಬಾಧ್ಯತೆ ಇರುವುದಿಲ್ಲ.’ ಪತ್ರ ಬರಹಗಾರರ ಬಳಿ ಈ ಸಾಲುಗಳು ಸಿದ್ಧವಾಗಿಯೇ ಇರುತ್ತವೆ. ಹೆಸರು, ಸರ್ವೆ ನಂಬರು, ಚಕ್ಕುಬಂದಿ ಬದಲಾಯಿಸಿದರೆ ಮುಗಿಯಿತು. ಎದುರು ಕುಳಿತ ಹಿರಿಯರಿಗೆ ಅದನ್ನು ಓದಿ ಹೇಳಿದರೂ, ಅದರಲ್ಲಿ ಏನು ಇಲ್ಲ ಎಂಬುದು ಅವರಿಗೆ ಹೇಗೆ ತಿಳಿಯಬೇಕು?

ಇದರ ಪರಿಣಾಮ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳಲ್ಲಿ ಕಾಣುತ್ತದೆ. 2022ರ ಡಿಸೆಂಬರ್‌ನಲ್ಲಿ ಹರಿಯಾಣದ ಒಂದು ಪ್ರಕರಣದಲ್ಲಿ ನ್ಯಾಯಾಲಯ, ನೋಡಿಕೊಳ್ಳುವ ಷರತ್ತು ಇತ್ತೆಂಬುದು ಸಾಬೀತಾಗದೆ 23ನೇ ಕಲಂ ಅನ್ವಯಿಸದು ಎಂದಿತು. ಅಲ್ಲಿದ್ದದ್ದು ಹಕ್ಕು ಬಿಡುಗಡೆ ಪತ್ರ, ಅಂದರೆ ಆಸ್ತಿಯಲ್ಲಿ ತಮಗಿರುವ ಹಕ್ಕನ್ನು ಬಿಟ್ಟುಕೊಡುವ ಪತ್ರ. ತಂದೆ ತೀರಿಕೊಂಡ ಮೇಲೆ ತಾಯಿಯಿಂದ ಬರೆಸಿಕೊಳ್ಳುವುದು ನಮ್ಮಲ್ಲೂ ಬಹುಪಾಲು ಅದನ್ನೇ. 2025ರ ಜನವರಿ 2ರ ತೀರ್ಪು ಉದಾರವಾದದ್ದು. ಮಧ್ಯಪ್ರದೇಶದ ತಾಯಿಯೊಬ್ಬರ ದಾನಪತ್ರದ ಜೊತೆಗೆ, ಕೊನೆಯವರೆಗೆ ನೋಡಿಕೊಳ್ಳುತ್ತೇನೆಂದು ಮಗ ಅದೇ ದಿನ ಬರೆದುಕೊಟ್ಟ ವಚನಪತ್ರವೂ ಇತ್ತು. ಎರಡನ್ನೂ ಸೇರಿಸಿ ಓದಿದ ನ್ಯಾಯಾಲಯ ದಾನವನ್ನು ರದ್ದುಪಡಿಸಿ, ಸ್ವಾಧೀನವನ್ನೂ ತಾಯಿಗೆ ಕೊಡಿಸಿತು. ಕಾಯ್ದೆಯನ್ನು ಹಿರಿಯರ ಪರವಾಗಿ ಅರ್ಥೈಸಬೇಕು, ಸ್ವಾಧೀನ ಕೊಡಿಸುವ ಅಧಿಕಾರ ನ್ಯಾಯಮಂಡಳಿಗಿದೆ ಎಂದೂ ಹೇಳಿತು. ಆದರೆ ಆ ತಾಯಿ ನಡೆದ ದಾರಿ ನೋಡಿ: ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿ, ಹೈಕೋರ್ಟಿನ ಏಕಸದಸ್ಯ ಪೀಠ, ವಿಭಾಗೀಯ ಪೀಠ, ಕೊನೆಗೆ ದೆಹಲಿ. ವಿಭಾಗೀಯ ಪೀಠದಲ್ಲಿ ಅವರು ಸೋತದ್ದು ದಾನಪತ್ರದೊಳಗೆ ಷರತ್ತು ಇಲ್ಲವೆಂಬ ಕಾರಣಕ್ಕೆ.

ಆದ್ದರಿಂದ ನಾವು ಕೇಳುವ ಮೊದಲನೆಯದು, 60 ವರ್ಷ ತುಂಬಿದವರು ಬರೆದುಕೊಡುವ ದಾನಪತ್ರ, ಹಕ್ಕು ಬಿಡುಗಡೆ ಪತ್ರ ಮತ್ತು ವಿಭಾಗ ಪತ್ರಗಳ ಮಾದರಿಯಲ್ಲಿ ಈ ಒಕ್ಕಣೆ ಇರಬೇಕು:

‘ಬರೆದುಕೊಡುವವರ ಜೀವಿತಾವಧಿಯವರೆಗೂ ಅವರಿಗೆ ಊಟ, ಬಟ್ಟೆ, ವಸತಿ, ಔಷಧೋಪಚಾರ ಹಾಗೂ ದಿನನಿತ್ಯದ ಆರೈಕೆಯನ್ನು ಬರೆಸಿಕೊಳ್ಳುವವರು ಒದಗಿಸಬೇಕೆಂಬ ಷರತ್ತಿಗೆ ಒಳಪಟ್ಟು ಈ ಪತ್ರ ಬರೆದುಕೊಡಲಾಗಿದೆ. ಈ ಷರತ್ತು ಪಾಲಿಸದಿದ್ದಲ್ಲಿ 2007ರ ಕಾಯ್ದೆಯ 23ನೇ ಕಲಂ ಮೇರೆಗೆ ಪತ್ರವನ್ನು ಅಸಿಂಧುವೆಂದು ಘೋಷಿಸಿಕೊಳ್ಳುವ ಹಕ್ಕು ಬರೆದುಕೊಟ್ಟವರಿಗೆ ಇರುತ್ತದೆ.’

ಇಷ್ಟೇ. ವಾಸದ ಮನೆಯಾದರೆ ‘ಸದರಿ ಮನೆಯಲ್ಲಿ ಜೀವಿತಾವಧಿಯವರೆಗೆ ವಾಸಿಸುವ ಹಕ್ಕನ್ನು ಉಳಿಸಿಕೊಂಡಿರುತ್ತೇನೆ’ ಎಂಬ ಸಾಲನ್ನೂ ಸೇರಿಸಬೇಕು. ಜಾಗ್ರತೆ ವಹಿಸುತ್ತೇವೆಂದು ಕೆಲವರು ‘ಎಂದಿಗೂ ಪರಭಾರೆ ಮಾಡಕೂಡದು’ ಎಂದು ಬರೆಸುತ್ತಾರೆ. ಅದು ಕೆಲಸಕ್ಕೆ ಬರುವುದಿಲ್ಲ. ಪರಭಾರೆಯನ್ನು, ಅಂದರೆ ಬೇರೆಯವರಿಗೆ ಮಾರುವುದನ್ನೋ ವರ್ಗಾಯಿಸುವುದನ್ನೋ, ಸಂಪೂರ್ಣ ನಿಷೇಧಿಸುವ ಷರತ್ತು ಆಸ್ತಿ ವರ್ಗಾವಣೆ ಕಾಯ್ದೆಯ 10ನೇ ಕಲಂ ಪ್ರಕಾರ ಶೂನ್ಯ. ವಾಸದ ಹಕ್ಕನ್ನು ಉಳಿಸಿಕೊಳ್ಳುವುದೇ ಸರಿಯಾದ ದಾರಿ.

ಉಪನೋಂದಣಾಧಿಕಾರಿ ಈ ಸಾಲಿಲ್ಲವೆಂದು ನೋಂದಣಿಯನ್ನೇ ನಿರಾಕರಿಸಲಾರರು ಎಂಬುದು ನಮಗೆ ಗೊತ್ತು. 1908ರ ನೋಂದಣಿ ಕಾಯ್ದೆಯಲ್ಲಿ ಅವರ ವಿಚಾರಣೆ ಮುಖ್ಯವಾಗಿ ಬರೆದುಕೊಟ್ಟವರು ಇವರೇ ಹೌದೇ, ಸಹಿ ಒಪ್ಪುತ್ತಾರೆಯೇ ಎಂಬಷ್ಟಕ್ಕೆ ಸೀಮಿತ. ಹಾಗಾಗಿ ಒಂದು ಘೋಷಣಾ ನಮೂನೆ ಸಾಕು. ‘ಷರತ್ತು ಸೇರಿಸಿದ್ದೇನೆ’ ಅಥವಾ ‘ಷರತ್ತಿನ ಬಗ್ಗೆ ವಿವರಿಸಿ ಹೇಳಿದ್ದಾರೆ, ತಿಳಿದೇ ಬೇಡವೆಂದಿದ್ದೇನೆ’, ಎರಡರಲ್ಲೊಂದಕ್ಕೆ ಸಹಿ. ಆ ಐದು ನಿಮಿಷ ಮಕ್ಕಳು ಹೊರಗಿರಲಿ. ಎದ್ದು ಬರಲಾಗದವರ ಮನೆಗೇ ಹೋಗಿ ನೋಂದಣಿ ಮಾಡಲು ಅದೇ ಕಾಯ್ದೆಯ 31 ಮತ್ತು 38ನೇ ಕಲಂಗಳು ಅವಕಾಶ ಕೊಡುತ್ತವೆ. ಮಂಚದ ಬಳಿ ನಡೆಯುವ ಇಂಥ ನೋಂದಣಿಗಳಲ್ಲಿ ಒತ್ತಡದ ಸಂಭವ ಹೆಚ್ಚು. ಅಲ್ಲಂತೂ ಈ ನಮೂನೆ ಕಡ್ಡಾಯವಾಗಲಿ.

ನಮೂನೆಯ ತಲೆಯಲ್ಲೇ ಒಂದು ಎಚ್ಚರಿಕೆ ಇರಲಿ: ಉಯಿಲನ್ನು ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಅದಕ್ಕೆ ಇಬ್ಬರು ಸಾಕ್ಷಿಗಳಿದ್ದರೆ ಸಾಕು, ನೋಂದಣಿ ಕಡ್ಡಾಯವಲ್ಲ, ದಾನಪತ್ರವನ್ನು ಮನಸ್ಸು ಬದಲಾಯಿತೆಂದು ಹಿಂಪಡೆಯಲಾಗದು. ಇದನ್ನು ಮೊದಲೇ ತಿಳಿದಿದ್ದರೆ ಎಷ್ಟೋ ಮಂದಿ ಉಯಿಲನ್ನೇ ಆಯ್ದುಕೊಳ್ಳುತ್ತಾರೆ ಎಂಬುದು ನಮ್ಮ ದೃಢವಾದ ನಂಬಿಕೆ.

ಎರಡನೆಯದು, ಷರತ್ತು ಪತ್ರದೊಳಗೆ ಮಾತ್ರ ಉಳಿಯಬಾರದು. ಆಸ್ತಿ ಕೊಳ್ಳಲು ಬರುವವರು ಮೊದಲು ನೋಡುವುದು ಋಣಭಾರ ಪ್ರಮಾಣಪತ್ರ ಮತ್ತು ಪಹಣಿ. ‘ದಾನಪತ್ರ’ ಎಂದಷ್ಟೇ ನಮೂದಾದರೆ ಒಳಗಿನ ಷರತ್ತು ಅವರ ಕಣ್ಣಿಗೆ ಬೀಳದು. ಮಗ ಮಾರಿ ಕೈತೊಳೆದುಕೊಂಡ ಮೇಲೆ ತಾಯಿ ಮೂರನೆಯವರೊಂದಿಗೆ ಹೋರಾಡಬೇಕಾಗುತ್ತದೆ. ನೋಂದಣಿ ಕಚೇರಿಗಳ ಕಾವೇರಿ ತಂತ್ರಾಂಶದಲ್ಲಿ ‘ಪೋಷಣೆಯ ಷರತ್ತಿಗೊಳಪಟ್ಟ ದಾನಪತ್ರ’ ಎಂದೇ ದಾಖಲಾಗಲಿ. ಕೃಷಿ ಜಮೀನಾದರೆ ಜಮೀನು ದಾಖಲೆಗಳ ‘ಭೂಮಿ’ ತಂತ್ರಾಂಶದ ಮೂಲಕ ಪಹಣಿಯ 11ನೇ ಕಾಲಂನಲ್ಲೂ ಬರಲಿ. ನ್ಯಾಯಮಂಡಳಿಯಲ್ಲಿ ಅರ್ಜಿ ದಾಖಲಾದ ದಿನವೇ ‘ಪ್ರಕರಣ ಬಾಕಿ’ ಎಂದೂ ಅಲ್ಲಿ ನಮೂದಾಗಲಿ. ತಹಶೀಲ್ದಾರರು ಉಪವಿಭಾಗಾಧಿಕಾರಿಯ ಕೈಕೆಳಗೇ ಇರುವುದರಿಂದ ಇದಕ್ಕೆ ಒಂದು ಪತ್ರ ಸಾಕು.

ಇನ್ನು ನ್ಯಾಯಮಂಡಳಿ. ಚಾಮರಾಜನಗರ ಜಿಲ್ಲೆಗೆಲ್ಲ ಇರುವುದು ಕೊಳ್ಳೇಗಾಲದ ಒಂದೇ ಉಪವಿಭಾಗ. ಗುಂಡ್ಲುಪೇಟೆ ಕಡೆಯ ಅಜ್ಜಿ ಜಿಲ್ಲಾ ಕೇಂದ್ರವನ್ನೂ ದಾಟಿ ಹೋಗಬೇಕು. ಹೋದ ದಿನ ಸಾಹೇಬರು ಚುನಾವಣೆ ಕೆಲಸದಲ್ಲೋ ಸ್ಥಳ ತನಿಖೆಯಲ್ಲೋ ಇದ್ದರೆ ಮತ್ತೊಂದು ತಾರೀಖು. ಉಪವಿಭಾಗಾಧಿಕಾರಿಗಳ ಮುಂದೆ ಮ್ಯುಟೇಷನ್ (ಖಾತೆ ಬದಲಾವಣೆ) ಮೇಲ್ಮನವಿಗಳು ರಾಶಿ ಬಿದ್ದಿರುತ್ತವೆ. ಅವುಗಳ ನಡುವೆ ಹಿರಿಯರ ಅರ್ಜಿ ಇನ್ನೊಂದು ಜಮೀನು ಕೇಸಿನಂತೆ ಸಾಗುತ್ತದೆ. ಕಾಯ್ದೆ ಕೊಟ್ಟಿರುವ ಗಡುವೇ ಬೇರೆ: ಮಕ್ಕಳಿಂದ ಮಾಸಿಕ ಜೀವನಾಂಶ ಕೋರಿ ಇದೇ ನ್ಯಾಯಮಂಡಳಿಗೆ ಹಾಕುವ ಅರ್ಜಿಯನ್ನು ನೋಟಿಸ್ ಜಾರಿಯಾದ 90 ದಿನದೊಳಗೆ ಇತ್ಯರ್ಥ ಮಾಡಬೇಕು, ವಿಶೇಷ ಕಾರಣವಿದ್ದರೆ ಒಮ್ಮೆ ಮಾತ್ರ 30 ದಿನ ವಿಸ್ತರಿಸಬಹುದು.

ವಾರದಲ್ಲಿ ಒಂದು ದಿನ ಈ ಅರ್ಜಿಗಳಿಗೇ ಮೀಸಲಿಡಿ. ತಿಂಗಳಿಗೊಮ್ಮೆಯಾದರೂ ತಾಲ್ಲೂಕು ಕಚೇರಿಯಲ್ಲಿ ಕಲಾಪ ನಡೆಯಲಿ. 5ನೇ ಕಲಂನಲ್ಲಿ ಮಧ್ಯಂತರ ಜೀವನಾಂಶಕ್ಕೆ ಅವಕಾಶವಿದೆ, ಆದರೆ ಅದನ್ನು ಕೇಳಬೇಕೆಂಬುದೇ ಅರ್ಜಿದಾರರಿಗೆ ಗೊತ್ತಿರುವುದಿಲ್ಲ. ಅರ್ಜಿ ನಮೂನೆಯಲ್ಲೇ ‘ಮಧ್ಯಂತರ ಜೀವನಾಂಶ ಬೇಕೇ?’ ಎಂಬ ಪ್ರಶ್ನೆ ಇರಲಿ. ಅರ್ಜಿಗಳು ತಡವಾಗುವ ಇನ್ನೊಂದು ಕಾರಣ ಮಕ್ಕಳ ವಿಳಾಸ. ‘ಬೆಂಗಳೂರಿನಲ್ಲಿ ಕಂಪನಿ ಕೆಲಸ’ ಎಂದಷ್ಟೇ ಬರೆದರೆ ನೋಟಿಸ್ ಹಿಂದಿರುಗುತ್ತದೆ, 90 ದಿನದ ಲೆಕ್ಕ ಶುರುವಾಗುವುದೇ ಇಲ್ಲ. ಮನೆ ವಿಳಾಸ, ಕೆಲಸದ ಜಾಗ, ಮೊಬೈಲ್ ಸಂಖ್ಯೆ ಮೂರನ್ನೂ ಕೇಳಿ ಪಡೆದು, ಗೊತ್ತಿಲ್ಲದಿದ್ದರೆ ಗ್ರಾಮ ಆಡಳಿತಾಧಿಕಾರಿಯಿಂದ ತರಿಸಿಕೊಳ್ಳಬೇಕು.

17ನೇ ಕಲಂ ನ್ಯಾಯಮಂಡಳಿಯಲ್ಲಿ ವಕೀಲರು ಬೇಡವೆನ್ನುತ್ತದೆ; ಕೆಲವು ಹೈಕೋರ್ಟುಗಳು ಅವರ ಪ್ರವೇಶಕ್ಕೆ ಅವಕಾಶ ಕೊಟ್ಟಿವೆ. ಹೀಗಿರುವಾಗ ಮಗನ ಜೊತೆ ವಕೀಲರು ಬಂದು, ಎದುರಿಗೆ ತಾಯಿ ಒಬ್ಬರೇ ನಿಲ್ಲುವಂತಾಗಬಾರದು. 18ನೇ ಕಲಂ ಪ್ರಕಾರ ತಂದೆ ತಾಯಿ ಬಯಸಿದರೆ, ಈ ಕಾಯ್ದೆಯಡಿ ಸರ್ಕಾರ ನೇಮಿಸುವ ನಿರ್ವಹಣಾ ಅಧಿಕಾರಿಯೇ ಅವರ ಪರ ಹಾಜರಾಗಬೇಕು. 1987ರ ಕಾನೂನು ಸೇವೆಗಳ ಕಾಯ್ದೆಯಡಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಇದೆ. ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿದೆ, ನಿರ್ವಹಣಾ ಅಧಿಕಾರಿ ಯಾರು, ಕಾನೂನು ನೆರವಿನ 15100, ಹಿರಿಯರ ಸಹಾಯವಾಣಿ 14567 ಎಂಬ ನಾಲ್ಕು ವಿವರಗಳು ಪ್ರತಿ ನೋಟಿಸಿನ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಲಿ.

ಆದೇಶವಾದ ಮೇಲಿನ ಕಷ್ಟ ಇನ್ನೊಂದು. ತಿಂಗಳಿಗೆ ಇಷ್ಟು ಕೊಡು ಎಂದು ಆದೇಶವಾಗುತ್ತದೆ (ಕಾಯ್ದೆಯ ಗರಿಷ್ಠ ಮಿತಿಯೇ 10,000 ರೂಪಾಯಿ), ಎರಡು ತಿಂಗಳು ಬಂದು ನಿಂತುಹೋಗುತ್ತದೆ. 5ನೇ ಕಲಂ ವಾರಂಟ್ ಹೊರಡಿಸಲು, ಒಂದು ತಿಂಗಳವರೆಗೆ ಸೆರೆವಾಸ ವಿಧಿಸಲು ಅಧಿಕಾರ ಕೊಟ್ಟಿದೆ. ಆದರೆ ಬಾಕಿ ಬಿದ್ದ ಮೂರು ತಿಂಗಳೊಳಗೆ ವಸೂಲಿಗೆ ಅರ್ಜಿ ಹಾಕದಿದ್ದರೆ ಆ ಬಾಕಿಗೆ ವಾರಂಟ್ ಇಲ್ಲ. ‘ಇವತ್ತು ಕೊಡ್ತೀನಿ, ನಾಳೆ ಕೊಡ್ತೀನಿ’ ಎಂದು ಮಗ ಹೇಳುತ್ತಿದ್ದಂತೆ ಆ ಮೂರು ತಿಂಗಳು ಕಳೆದೇಹೋಗುತ್ತವೆ. ಆದೇಶದ ಪ್ರತಿಯ ಮೇಲೆಯೇ ಈ ಗಡುವನ್ನು ಮುದ್ರಿಸಿ, ಜೊತೆಗೆ ಖಾಲಿ ವಸೂಲಿ ಅರ್ಜಿಯೊಂದನ್ನು ಲಗತ್ತಿಸಿ. ಮೇಲ್ಮನವಿ ಬಾಕಿಯಿದೆ ಎಂಬುದು ಜೀವನಾಂಶ ನಿಲ್ಲಿಸಲು ಕಾರಣವಲ್ಲ ಎಂದೂ ಅದರಲ್ಲಿರಲಿ.

ದಾನಪತ್ರ ಅಸಿಂಧು ಎಂದಾದಾಗ ಆದೇಶ ಅಲ್ಲಿಗೇ ನಿಲ್ಲದಿರಲಿ. ಉಪನೋಂದಣಾಧಿಕಾರಿ ತಮ್ಮ ದಾಖಲೆಯಲ್ಲಿ ನಮೂದಿಸಬೇಕು, ತಹಶೀಲ್ದಾರರು ಅಥವಾ ಸ್ಥಳೀಯ ಸಂಸ್ಥೆ ಖಾತೆಯನ್ನು ಮರಳಿ ಹಿರಿಯರ ಹೆಸರಿಗೆ ಮಾಡಬೇಕು, ಇಂಥ ದಿನಾಂಕದೊಳಗೆ ಸ್ವಾಧೀನ ಕೊಡಿಸಬೇಕು ಎಂಬ ಮೂರು ನಿರ್ದೇಶನಗಳು ಅದೇ ಆದೇಶದ ಕೊನೆಯಲ್ಲಿರಬೇಕು. ಇಲ್ಲವಾದರೆ ಗೆದ್ದವರು ಪ್ರತಿಯೊಂದಕ್ಕೂ ಬೇರೆ ಅರ್ಜಿ ಹಿಡಿದು ಅಲೆಯುತ್ತಾರೆ.

ಒಂದು ಎಚ್ಚರವನ್ನೂ ಹೇಳಲೇಬೇಕು. ಹೆಂಡತಿಯನ್ನು ಮನೆಯಿಂದ ಹೊರಹಾಕಲು ಗಂಡ ತನ್ನ ತಂದೆ ತಾಯಿಯಿಂದ ಈ ಅರ್ಜಿ ಹಾಕಿಸುವುದುಂಟು. ಬೆಂಗಳೂರಿನದೇ ಪ್ರಕರಣವೊಂದರಲ್ಲಿ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಸೊಸೆಗಿರುವ ವಾಸದ ಹಕ್ಕನ್ನು ಈ ಕಾಯ್ದೆಯ ಸಂಕ್ಷಿಪ್ತ ವಿಚಾರಣೆಯಿಂದ ಅಳಿಸಿಹಾಕಲಾಗದು ಎಂದಿದೆ. ನ್ಯಾಯಮಂಡಳಿಯ ಅಧಿಕಾರಿಗಳಿಗೆ ಕೊಡುವ ತರಬೇತಿಯಲ್ಲಿ ಈ ಮೂರೂ ತೀರ್ಪುಗಳು ಒಟ್ಟಿಗೆ ಇರಲಿ.

ನಮ್ಮ ಬೇಡಿಕೆಗಳಲ್ಲಿ ಹೆಚ್ಚಿನವಕ್ಕೆ ಹೊಸ ಕಾಯ್ದೆ ಬೇಕಿಲ್ಲ. ನೋಂದಣಿ ಮಹಾಪರಿವೀಕ್ಷಕರಿಂದ ಒಂದು ಸುತ್ತೋಲೆ, ಉಪವಿಭಾಗಾಧಿಕಾರಿಗಳಿಗೆ ಇನ್ನೊಂದು, ತಂತ್ರಾಂಶಗಳಲ್ಲಿ ಸ್ವಲ್ಪ ಬದಲಾವಣೆ ಸಾಕು. ಒಕ್ಕಣೆಯ ಕರಡನ್ನು ಮೇಲೆ ಕೊಟ್ಟಿದ್ದೇವೆ. ಕಾನೂನು ಇಲಾಖೆಯವರು ತಿದ್ದುವುದಿದ್ದರೆ ತಿದ್ದಲಿ. ಆದರೆ ‘ಷರತ್ತಿಗೆ ಒಳಪಟ್ಟು’ ಎಂಬ ಎರಡು ಪದಗಳನ್ನು ಮಾತ್ರ ದಯವಿಟ್ಟು ತೆಗೆಯಬೇಡಿ.

ಇಂತಿ,
ಹಿರಿಯ ನಾಗರಿಕರಿಗೆ ಅರ್ಜಿ ಬರೆದುಕೊಡುವ ಕಾನೂನು ಸ್ವಯಂಸೇವಕರು