ಡಿಮೆನ್ಶಿಯಾ ಇರೋರು ವಾರ್ಡಿಗೆ ಬಂದ್ರೆ ನೋಡ್ಕೊಳೋದು ಹೆಂಗೆ ಅಂತ ಆಯಾಗಳಿಗೂ ಹೇಳ್ಕೊಡಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಸೆಪ್ಟೆಂಬರ್ 21 ಹತ್ರ ಬಂತು ಅಂದ್ರೆ ನಿಮ್ಮ ಪೇಪರ್ ಸೇರಿ ಎಲ್ಲಾ ಪೇಪರಲ್ಲೂ ಆಲ್ಝೈಮರ್ ದಿನದ ಲೇಖನ ಬರುತ್ತೆ, ಹೇಳಿದ್ದೇ ಹೇಳೋದು, ಕನ್ನಡಕ ಎಲ್ಲಿಟ್ಟೆ ಅಂತ ಮರೆಯೋದು, ಪದಬಂಧ ಬಿಡಿಸಿ ವಾಕಿಂಗ್ ಹೋಗಿ ಅನ್ನೋದು, ಎಲ್ಲಾ ಸರಿ. ಆದ್ರೆ ಈಗಾಗ್ಲೇ ಡಿಮೆನ್ಶಿಯಾ (ಆಲ್ಝೈಮರ್ ಥರ ನೆನಪು, ಬುದ್ಧಿ ಕುಂದಿಸೋ ಕಾಯಿಲೆ) ಬಂದಿರೋರು ಆಸ್ಪತ್ರೇಲಿ ಅಡ್ಮಿಟ್ ಆದಾಗ ಏನೇನಾಗುತ್ತೆ ಅಂತ ಯಾರಾದ್ರೂ ಬರ್ದಿದ್ದು ನಾನಂತೂ ನೋಡಿಲ್ಲ. 2023ರಲ್ಲಿ ಬಂದ ರಾಷ್ಟ್ರಮಟ್ಟದ ಸ್ಟಡಿ ಪ್ರಕಾರ ನಮ್ಮ ದೇಶದಲ್ಲಿ 60 ದಾಟಿದೋರಲ್ಲಿ ಶೇ 7.4 ಜನಕ್ಕೆ, ಅಂದ್ರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಶಿಯಾ ಇದೆ. ಇವ್ರು ಮರೆವು ಅಂತ ಅಡ್ಮಿಟ್ ಆಗೋದು ಕಮ್ಮಿ, ಬಾತ್‌ರೂಮಲ್ಲಿ ಬಿದ್ದು ಸೊಂಟ ಮುರ್ಕೊಂಡು ಬರ್ತಾರೆ, ನ್ಯುಮೋನಿಯಾ ಆಗಿ ಬರ್ತಾರೆ, ಶುಗರ್ ಏರುಪೇರಾಗಿ ಬರ್ತಾರೆ, ಮಲಗೋದು ಆರ್ಥೋ ವಾರ್ಡಲ್ಲಿ ಇಲ್ಲಾ ಜನರಲ್ ವಾರ್ಡಲ್ಲಿ, ಅಲ್ಲಿರೋರಿಗೆ ಇಂಥವ್ರನ್ನ ಹೆಂಗೆ ನೋಡ್ಕೋಬೇಕು ಅಂತ ಯಾರೂ ಹೇಳ್ಕೊಟ್ಟಿರಲ್ಲ.

ನಮ್ಮತ್ತೆಗೆ ಬೆಂಗಳೂರಿನ ಒಂದು ಪ್ರೈವೇಟ್ ಆಸ್ಪತ್ರೇಲಿ ಸೊಂಟದ ಆಪರೇಷನ್ ಆಯ್ತು, ಆಪರೇಷನ್ ಚೆನ್ನಾಗೇ ಮಾಡಿದ್ರು, ಅದ್ರಲ್ಲಿ ಮಾತಿಲ್ಲ. ಅದಾದ್ಮೇಲೆ ರಾತ್ರಿಯೆಲ್ಲಾ ಡ್ರಿಪ್ಸ್ ಕಿತ್ತಾಕ್ತಾರೆ, ಎದ್ದು ಹೋಗೋಕೆ ನೋಡ್ತಾರೆ ಅಂತ ಕೈ ಎರಡನ್ನೂ ಬ್ಯಾಂಡೇಜ್ ಬಟ್ಟೇಲಿ ಮಂಚಕ್ಕೆ ಕಟ್ಟಿದ್ರು. ಅವ್ರು ಹುಟ್ಟಿ ಬೆಳೆದಿದ್ದು ಮೂಡುಬಿದಿರೆ ಕಡೆ, ಕಾಯಿಲೆ ಬಂದ್ಮೇಲೆ ಕನ್ನಡ ಹಿಂದೆ ಸರಿದು ತುಳು ಒಂದೇ ಉಳ್ಕೊಂಡಿತ್ತು, ನೀರು ಬೇಕು ಅಂತ ಕೇಳಿದ್ದೂ ನೋವು ಅಂತ ಅತ್ತಿದ್ದೂ ಅಲ್ಲಿದ್ದ ಸಿಸ್ಟರ್‌ಗಳಿಗೆ ಬರೀ ಗಲಾಟೆ ಥರ ಕೇಳಿಸ್ತು. ಪಾಪ ಆ ಹುಡುಗೀರು ಕೇರಳದವ್ರು, ಮಣಿಪುರದವ್ರು, ಅವ್ರದ್ದೇನು ತಪ್ಪು, ಕನ್ನಡ ಕಲಿತಿದ್ದೇ ದೊಡ್ಡದು. ಆದ್ರೆ ಡಿಮೆನ್ಶಿಯಾದಲ್ಲಿ ಆಮೇಲೆ ಕಲಿತ ಭಾಷೆ ಮೊದ್ಲು ಜಾರಿ ತಾಯಿನುಡಿ ಕೊನೇವರ್ಗೂ ನಿಲ್ಲೋದು ಬಹಳ ಜನರಲ್ಲಿದೆ, ಹಂಗಾಗಿ ಅಡ್ಮಿಷನ್ ಫಾರ್ಮಲ್ಲಿ ಅಲರ್ಜಿ ಏನಿದೆ ಅಂತ ಕೇಳೋ ಹಾಗೆ ಮನೇಲಿ ಯಾವ ಭಾಷೆ ಆಡ್ತಾರೆ ಅಂತಲೂ ಕೇಳಿ ಬರ್ಕೊಂಡಿದ್ರೆ ಅರ್ಧ ಕೆಲಸ ಆಗ್ತಿತ್ತು.

ಇನ್ನೊಂದು ದೊಡ್ಡ ವಿಷ್ಯ ಡೆಲಿರಿಯಂ, ಅಂದ್ರೆ ದಿಢೀರ್ ಅಂತ ಬುದ್ಧಿ ಗಲಿಬಿಲಿ ಆಗೋದು. ನಿನ್ನೆವರ್ಗೂ ತಕ್ಕಮಟ್ಟಿಗೆ ಮಾತಾಡ್ತಿದ್ದೋರು ಇದ್ದಕ್ಕಿದ್ದಂಗೆ ಗೋಡೆ ಮೇಲೆ ಹುಳ ಇದೆ ಅಂತಾರೆ, ಬೈತಾರೆ, ಇಲ್ಲಾ ಏನೂ ಮಾತಾಡ್ದೇ ಮಂಕಾಗಿ ಬಿದ್ಕೊಂಡಿರ್ತಾರೆ. ಮಂಕಾಗಿರೋರನ್ನ ಯಾರೂ ಗಮನಿಸೋದೇ ಇಲ್ಲ, ತೊಂದ್ರೆ ಕೊಡಲ್ವಲ್ಲ! ಅರವತ್ತಕ್ಕೆ ಅರಳು ಮರಳು, ಮರೆವಿನ ಕಾಯಿಲೆ ಜಾಸ್ತಿ ಆಗಿದೆ ಅಂತ ಹೇಳಿ ಮುಗಿಸಿಬಿಡ್ತಾರೆ, ಆದ್ರೆ ಡಿಮೆನ್ಶಿಯಾ ತಿಂಗಳು ವರ್ಷಗಟ್ಟಲೆ ನಿಧಾನಕ್ಕೆ ಹೋಗೋದು, ಡೆಲಿರಿಯಂ ಗಂಟೆಗಳಲ್ಲಿ ದಿನಗಳಲ್ಲಿ ಬರೋದು, ಅದಕ್ಕೆ ಹಿಂದೆ ಒಂದು ಕಾರಣ ಇದ್ದೇ ಇರುತ್ತೆ, ಯೂರಿನ್ ಇನ್ಫೆಕ್ಷನ್ನೋ, ರಕ್ತದಲ್ಲಿ ಸೋಡಿಯಂ ಇಳಿದಿರೋದೋ, ನಾಲ್ಕು ದಿನದಿಂದ ಮೋಷನ್ ಆಗ್ದೇ ಇರೋದೋ, ನೋವಿಗೆ ಸರಿಯಾಗಿ ಮಾತ್ರೆ ಕೊಡದೇ ಇರೋದೋ, ಸುಮ್ನೆ ಹಾಕಿಟ್ಟಿರೋ ಯೂರಿನ್ ಪೈಪೋ, ಅಲರ್ಜಿಗೆ ಅಂತ ಕೊಟ್ಟ ಅವಿಲ್ ಥರದ ಮಾತ್ರೇನೋ. ಕಾರಣ ಹುಡುಕಿ ಸರಿಮಾಡಿದ್ರೆ ಬಹಳ ಜನ ವಾಪಸ್ ಮೊದ್ಲಿನ ಹಾಗೆ ಆಗ್ತಾರೆ. ಇದನ್ನ ಗುರುತಿಸೋಕೆ 4ಎಟಿ ಅಂತ ಒಂದು ಪುಟ್ಟ ಟೆಸ್ಟಿದೆ, ಸ್ಕ್ಯಾನೂ ಬೇಡ ರಕ್ತಾನೂ ಬೇಡ, ಎರಡು ನಿಮಿಷದ ಕೆಲಸ, ಸಿಸ್ಟರ್‌ಗಳೇ ಮಾಡ್ಬಹುದು. ಮಾತಲ್ಲಿ ಹೇಳೋಕಾಗದೋರ ನೋವು ಅಳೆಯೋಕೆ ಪೇನ್ಯಾಡ್ ಅಂತ ಇನ್ನೊಂದಿದೆ, ಉಸಿರು, ನರಳೋದು, ಮುಖ ಕಿವಿಚೋದು, ಮೈ ಬಿಗಿಹಿಡಿಯೋದು, ಸಮಾಧಾನ ಮಾಡಿದ್ರೆ ಸುಮ್ನಾಗ್ತಾರಾ ಅನ್ನೋದು, ಇಷ್ಟು ನೋಡಿ ನಂಬರ್ ಹಾಕೋದು.

ಇದರ ಬದಲು ಆಗ್ತಿರೋದು ಏನಂದ್ರೆ ನಿದ್ದೆ ಇಂಜೆಕ್ಷನ್. ಡಿಮೆನ್ಶಿಯಾ ಇರೋ ವಯಸ್ಸಾದೋರಿಗೆ ಆಂಟಿಸೈಕೋಟಿಕ್ (ಮಂಪರು ತರೋ ಮನೋರೋಗದ ಔಷಧಿ) ಕೊಟ್ರೆ ಸಾವಿನ ಅಪಾಯ ಜಾಸ್ತಿ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲಿ ಹೊಸ ಔಷಧಿಗಳ ಮೇಲೆ, 2008ರಲ್ಲಿ ಹ್ಯಾಲೋಪೆರಿಡಾಲ್ ಥರದ ಹಳೇ ಔಷಧಿಗಳ ಮೇಲೂ ವಾರ್ನಿಂಗ್ ಹಾಕ್ಸಿದೆ, ಲೂವಿ ಬಾಡಿ ಅನ್ನೋ ಡಿಮೆನ್ಶಿಯಾ ಇದ್ರಂತೂ ಇನ್ನೂ ಡೇಂಜರ್. ಯಾವತ್ತೂ ಕೊಡ್ಲೇಬಾರ್ದು ಅಂತ ನಾನು ಹೇಳ್ತಿಲ್ಲ, ನಾನು ಡಾಕ್ಟರೂ ಅಲ್ಲ, ಆದ್ರೆ ಮೊದಲ ಉಪಾಯವೇ ಅದಾಗ್ಬಾರ್ದು ಅಷ್ಟೇ. ಔಷಧಿ ಇಲ್ದೆ ಏನ್ ಮಾಡೋಕಾಗುತ್ತೆ ಅನ್ನೋರಿಗೆ ಉತ್ತರ ಇದೆ. ಅಮೆರಿಕದ ಯೇಲ್‌ನಲ್ಲಿ ಶರನ್ ಇನೌಯೆ ಅನ್ನೋ ಡಾಕ್ಟರ್ ತಂಡ 70 ದಾಟಿದ 852 ಪೇಷಂಟ್‌ಗಳ ಮೇಲೆ ಮಾಡಿದ ಸ್ಟಡಿ 1999ರಲ್ಲಿ ಪ್ರಕಟ ಆಯ್ತು, ಕನ್ನಡಕ ಹಾಕೋದು, ಹಿಯರಿಂಗ್ ಏಡ್ ಕೊಡೋದು, ನೀರು ಕುಡಿಸೋದು, ಎಬ್ಬಿಸಿ ನಡೆಸೋದು, ರಾತ್ರಿ ನಿದ್ದೆ ಕೆಡಿಸದೇ ಇರೋದು, ಇವತ್ತು ಯಾವ ದಿನ ಇದು ಯಾವ ಊರು ಅಂತ ಹೇಳ್ತಾ ಇರೋದು, ಇಷ್ಟರಿಂದಲೇ ಡೆಲಿರಿಯಂ ಶೇ 15ರಿಂದ 9.9ಕ್ಕೆ ಇಳೀತು. ಇದ್ರಲ್ಲಿ ಎಂಡಿ ಓದಿದೋರು ಮಾಡ್ಬೇಕಾದ ಕೆಲಸ ಯಾವ್ದಿದೆ ಹೇಳಿ?

ಬ್ರಿಟನ್ನಿನ ಒಂದು ವಿಷ್ಯ ಹೇಳ್ಲೇಬೇಕು. ಜಾನ್ ಜೆರಾರ್ಡ್ ಅನ್ನೋ ಡಿಮೆನ್ಶಿಯಾ ಇದ್ದ ಡಾಕ್ಟರ್ 2014ರಲ್ಲಿ ಕಾಲಿನ ಹುಣ್ಣಿಗೆ ಅಡ್ಮಿಟ್ ಆಗಿ, ಮನೆಯವ್ರನ್ನ ಸರಿಯಾಗಿ ಒಳಗೆ ಬಿಡದೇ, ಐದು ವಾರದಲ್ಲಿ ಪೂರ್ತಿ ಕುಸಿದು ಮನೆಗೆ ಬಂದ್ರು, ಆಮೇಲೆ ಅದೇ ವರ್ಷ ತೀರ್ಕೊಂಡ್ರು. ಅವ್ರ ಮಗಳು ಗೆಳತಿ ಜೊತೆ ಸೇರಿ ಮನೆಯವ್ರಿಗೆ ಪೇಷಂಟ್ ಪಕ್ಕ ಇರೋ ಹಕ್ಕು ಕೊಡಿ ಅಂತ ಜಾನ್ಸ್ ಕ್ಯಾಂಪೇನ್ ಶುರುಮಾಡಿದ್ರು. ಅಲ್ಲಿ ಹೋರಾಡಿ ಪಡೀಬೇಕಾಗಿದ್ದು ನಮ್ಮಲ್ಲಿ ಬಿಟ್ಟಿಯಾಗೇ ಇದೆ, ಅಟೆಂಡರ್ ಇಲ್ಲಾಂದ್ರೆ ಅಡ್ಮಿಟ್ ಮಾಡ್ಕೊಳೋದೇ ಕಷ್ಟ, ಆದ್ರೆ ಆ ಅಟೆಂಡರನ್ನ ಔಷಧಿ ತರೋಕೆ ಬಿಲ್ ಕಟ್ಟೋಕೆ ಓಡಿಸ್ತೀವಿ, ಅವ್ರಿಗೆ ಗೊತ್ತಿರೋದನ್ನ ಯಾರೂ ಕೇಳಲ್ಲ, ಐಸಿಯು ಬಾಗಿಲಲ್ಲಂತೂ ಸೆಕ್ಯುರಿಟಿಯವ್ನೇ ರಾಜ.

ಸರ್ಕಾರ ಏನೂ ಮಾಡ್ತಿಲ್ಲ ಅಂತಲ್ಲ. ನಿಮ್ಹಾನ್ಸ್ ಜೊತೆ ಸೇರಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ನಡೀತಿದೆ, ಅದ್ರಲ್ಲಿ ಡಾಕ್ಟರ್‌ಗಳಿಗೆ ಟ್ರೈನಿಂಗೂ ಇದೆ. ಜಿಲ್ಲಾಸ್ಪತ್ರೆಗಳಲ್ಲಿ ವೃದ್ಧರಿಗೆ 10 ಬೆಡ್ಡಿನ ವಾರ್ಡ್ ಇರ್ಬೇಕು ಅಂತ ಕೇಂದ್ರದ ಯೋಜನೇಲೂ ಇದೆ. ಆದ್ರೆ ಆ ಟ್ರೈನಿಂಗ್ ಕಾಯಿಲೆ ಗುರುತಿಸೋ ಕಡೆ, ಕ್ಲಿನಿಕ್ಕಿನ ಕಡೆ, ರಾತ್ರಿ ಎರಡು ಗಂಟೆಗೆ ಆರ್ಥೋ ವಾರ್ಡಲ್ಲಿ ಮನೆಗೆ ಹೋಗ್ಬೇಕು ಅಂತ ಅಳೋ ಅಜ್ಜನ ಹತ್ರ ಹೋಗೋದು ನೈಟ್ ಡ್ಯೂಟಿ ಸಿಸ್ಟರು, ಆಯಾ, ವಾರ್ಡ್ ಬಾಯ್. ರಾಜೀವ್ ಗಾಂಧಿ ಆರೋಗ್ಯ ವಿವಿ ತನ್ನ ನರ್ಸಿಂಗ್ ಕಾಲೇಜುಗಳಲ್ಲಿ ಇಂಥವ್ರನ್ನ ನೋಡ್ಕೊಳೋದನ್ನ ಪುಸ್ತಕದ ಪಾಠ ಅಂತ ಮುಗಿಸದೇ ವಾರ್ಡ್ ಪೋಸ್ಟಿಂಗಲ್ಲಿ ಮಾಡಿಸಿ ನೋಡ್ಲಿ, ಕೈ ಕಟ್ಟೋಕೆ ಮುಂಚೆ ಏನೇನು ಪ್ರಯತ್ನ ಮಾಡಿದ್ರಿ ಅಂತ ಕೇಸ್ ಶೀಟಲ್ಲಿ ಬರೆಯೋ ಅಭ್ಯಾಸ ಹೌಸ್ ಸರ್ಜನ್‌ಗಳಿಗೂ ಬರ್ಲಿ. ಆಯಾ, ವಾರ್ಡ್ ಬಾಯ್, ಸೆಕ್ಯುರಿಟಿಯವ್ರು ಎಷ್ಟೋ ಕಡೆ ಔಟ್‌ಸೋರ್ಸ್ ಏಜೆನ್ಸಿಯವ್ರು, ಇವತ್ತಿದ್ದೋರು ಮುಂದಿನ ತಿಂಗಳು ಇರಲ್ಲ, ಒಂದ್ಸಲ ಹಾಲ್‌ನಲ್ಲಿ ಕೂರಿಸಿ ಪಿಪಿಟಿ ತೋರ್ಸಿ ಸರ್ಟಿಫಿಕೇಟ್ ಕೊಟ್ರೆ ಪ್ರಯೋಜನ ಇಲ್ಲ. ಆರೋಗ್ಯ ಇಲಾಖೆಯವ್ರು ಈ ಟ್ರೈನಿಂಗನ್ನ ಏಜೆನ್ಸಿ ಟೆಂಡರಿನ ಕಂಡೀಷನ್ನಲ್ಲೇ ಸೇರಿಸ್ಲಿ, ಡ್ಯೂಟಿ ಟೈಮಲ್ಲೇ, ಕನ್ನಡದಲ್ಲೇ, ಸಂಬಳ ಕಟ್ ಮಾಡ್ದೇ.

ಇಂತಿ,
ಒಬ್ಬ ಓದುಗಳು, ಬೆಂಗಳೂರು