ಸ್ಥಿರ ಐಪಿ ವಿಳಾಸವನ್ನು ಮರಳಿ ಕೊಡುವಂತೆ ಕೋರಿ ದೂರು

ಗೆ,
ವ್ಯವಸ್ಥಾಪಕರು, ಗ್ರಾಹಕರ ದೂರು ವಿಭಾಗ,
ಫೈಬರ್ ಬ್ರಾಡ್‌ಬ್ಯಾಂಡ್ ಸೇವೆ, ಬಾಗಲಕೋಟೆ

ವಿಷಯ: ಓಎನ್‌ಟಿ (ಫೈಬರ್ ಸಂಪರ್ಕದ ಪೆಟ್ಟಿಗೆ) ಬದಲಿಸಿದ ದಿನದಿಂದ ನಮ್ಮ ವೆಬ್ ಸರ್ವರ್ ಹೊರಗಿನವರಿಗೆ ಸಿಗದಿರುವ ಬಗ್ಗೆ.

ಮಾನ್ಯರೇ,

ಗುಳೇದಗುಡ್ಡದಲ್ಲಿ ಖಣದ ವ್ಯಾಪಾರ ಮಾಡುವ ನಾನು ನಾಲ್ಕು ವರ್ಷಗಳಿಂದ ತಮ್ಮ ಗ್ರಾಹಕನಾಗಿದ್ದೇನೆ. ಅಂಗಡಿಯಲ್ಲೇ ಇರುವ ಡೆಬಿಯನ್ ಲಿನಕ್ಸ್ ಕಂಪ್ಯೂಟರಿನಲ್ಲಿ ಎನ್‌ಜಿನ್‌ಎಕ್ಸ್ ವೆಬ್ ಸರ್ವರ್ ನಡೆಸುತ್ತಿದ್ದು, ತೇರು, ಆನೆಹೆಜ್ಜೆ ಮೊದಲಾದ ಖಣಗಳ ಚಿತ್ರಗಳನ್ನು ಅದರಲ್ಲಿ ನೋಡಿಯೇ ಸೊಲ್ಲಾಪುರ, ಪುಣೆ ಕಡೆಯ ವ್ಯಾಪಾರಿಗಳು ಮಾಲು ತರಿಸಿಕೊಳ್ಳುತ್ತಾರೆ. ಇದಕ್ಕಾಗಿಯೇ ನಾನು ಸ್ಥಿರ ಐಪಿ ವಿಳಾಸಕ್ಕೆ, ಅಂದರೆ ಅಂತರ್ಜಾಲದಲ್ಲಿ ನಮಗೆ ಮಾತ್ರ ಸೇರಿದ, ಬದಲಾಗದ ವಿಳಾಸಕ್ಕೆ, ಪ್ರತ್ಯೇಕ ಶುಲ್ಕ ಕಟ್ಟುತ್ತಿದ್ದೇನೆ; ಈ ತಿಂಗಳ ಬಿಲ್ಲಿನಲ್ಲಿಯೂ ಅದು ಸೇರಿದೆ.

26 ದಿನಗಳ ಹಿಂದೆ, ಸಿಡಿಲಿಗೆ ಕೆಟ್ಟಿದ್ದ ಓಎನ್‌ಟಿಯನ್ನು ತಮ್ಮ ಸಿಬ್ಬಂದಿ ತಡಮಾಡದೆ ಬದಲಿಸಿಕೊಟ್ಟರು. ಅದಕ್ಕೆ ನಾನು ಕೃತಜ್ಞ. ಆದರೆ ಅಂದು ಸಂಜೆಯಿಂದಲೇ ಹೊರಗಿನವರಿಗೆ ನಮ್ಮ ಜಾಲತಾಣ ತೆರೆಯುತ್ತಿಲ್ಲ. ಮೂರು ಸಲ ದೂರು ಕೊಟ್ಟೆ. ಎರಡು ಸಲ ಓಎನ್‌ಟಿಯನ್ನು ಆಫ್ ಮಾಡಿ ಆನ್ ಮಾಡಲು ಹೇಳಿದರು; ಮೂರನೆಯ ಸಲ, ತೊಂದರೆ ಲಿನಕ್ಸಿನದು, ವಿಂಡೋಸ್ ಹಾಕಿಸಿಕೊಳ್ಳಿ ಎಂದು ಹೇಳಿ ದೂರನ್ನೇ ಮುಚ್ಚಿದರು. ಪರೀಕ್ಷಿಸದೆ ಕೊಟ್ಟ ಈ ಉತ್ತರದಿಂದ ನನಗೆ ಬಹಳ ನೋವಾಗಿದೆ. ಆದ್ದರಿಂದ ನಾನೇ ಮಾಡಿದ ಪರೀಕ್ಷೆಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲಿಂಕಿನ ವೇಗ ತೋರಿಸುವ ಎಥ್‌ಟೂಲ್ ಆಜ್ಞೆಯಿಂದ ನೋಡಿದಾಗ ಸರ್ವರಿನ ಲಿಂಕ್ 1000 ಮೆಗಾಬಿಟ್ ಬದಲು 100ಕ್ಕೆ ನಿಂತಿತ್ತು. ಗಿಗಾಬಿಟ್‌ಗೆ ಕೇಬಲ್ಲಿನ ನಾಲ್ಕೂ ಜೋಡಿ ತಂತಿಗಳು ಬೇಕು, ನಮ್ಮದರಲ್ಲಿ ಒಂದು ಜೋಡಿ ಕಡಿದಿತ್ತು. ಅದು ನಮ್ಮ ಕಡೆಯ ದೋಷ, ಕೇಬಲ್ ಬದಲಿಸಿ ಸರಿಪಡಿಸಿಕೊಂಡೆ. ಆದರೂ ಜಾಲತಾಣ ತೆರೆಯಲಿಲ್ಲ. ಪೋರ್ಟ್‌ಗಳ (ಸಂಪರ್ಕದ ಬಾಗಿಲುಗಳ) ಸ್ಥಿತಿ ತೋರಿಸುವ ಎಸ್‌ಎಸ್ ಆಜ್ಞೆಯ ಪ್ರಕಾರ ಎನ್‌ಜಿನ್‌ಎಕ್ಸ್ 80 ಮತ್ತು 443ನೇ ಪೋರ್ಟ್‌ಗಳಲ್ಲಿ ಕಾಯುತ್ತಿದೆ, ಫೈರ್‌ವಾಲ್‌ನಲ್ಲಿ ಅವೆರಡೂ ತೆರೆದಿವೆ, ಅಂಗಡಿಯ ಇನ್ನೊಂದು ಕಂಪ್ಯೂಟರಿನಿಂದ ಕರ್ಲ್ ಆಜ್ಞೆಯ ಮೂಲಕ ಪುಟ ಕೇಳಿದರೆ 200 ಎಂಬ ಸರಿಯಾದ ಉತ್ತರವೇ ಬರುತ್ತದೆ. ಹೊಸ ಓಎನ್‌ಟಿಯಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಕೋರಿಕೆಯನ್ನು ಸರ್ವರಿಗೆ ದಾಟಿಸುವ ವ್ಯವಸ್ಥೆ) ಮತ್ತೆ ಹಾಕಿದ ಮೇಲೆ, ಬರುವ ಪ್ಯಾಕೆಟ್‌ಗಳನ್ನು ದಾಖಲಿಸುವ ಟಿಸಿಪಿಡಂಪ್ ಅನ್ನು ಸರ್ವರಿನಲ್ಲಿ ಓಡಿಸಿಟ್ಟು ಮೊಬೈಲ್ ಡೇಟಾದಿಂದ ಜಾಲತಾಣ ತೆರೆಯಲು ಯತ್ನಿಸಿದರೆ, ಒಂದೇ ಒಂದು ಪ್ಯಾಕೆಟ್ ಕೂಡ ಸರ್ವರಿನವರೆಗೆ ಬರಲಿಲ್ಲ. ಬಾರದ ಕೋರಿಕೆಗೆ ಯಾವ ಸರ್ವರ್ ತಾನೇ ಉತ್ತರ ಕೊಟ್ಟೀತು?

ಕಾರಣ ಓಎನ್‌ಟಿಯ ವ್ಯಾನ್ (WAN, ಹೊರಗಿನ ಸಂಪರ್ಕದ) ಪುಟದಲ್ಲಿಯೇ ಇದೆ. ನಮ್ಮ ಸ್ಥಿರ ವಿಳಾಸವಿರಬೇಕಾದಲ್ಲಿ ಈಗ 100.72ರಿಂದ ಆರಂಭವಾಗುವ ವಿಳಾಸವಿದೆ. 100.64.0.0ರಿಂದ 100.127.255.255ರವರೆಗಿನ ವಿಳಾಸಗಳನ್ನು 2012ರ ಆರ್‌ಎಫ್‌ಸಿ 6598 ಎಂಬ ಅಂತರ್ಜಾಲ ಮಾನದಂಡದ ದಾಖಲೆಯಲ್ಲಿ ಸೇವಾದಾರರ ಸಿಜಿನ್ಯಾಟ್ (ವಿಳಾಸ ಹಂಚಿಕೆ) ಬಳಕೆಗೆಂದೇ ಮೀಸಲಿಡಲಾಗಿದೆ. ಅಂದರೆ, ಹಲವು ಗ್ರಾಹಕರು ಹಂಚಿಕೊಳ್ಳುವ ಒಂದು ಸಾರ್ವಜನಿಕ ವಿಳಾಸದ ಹಿಂದೆ ನಮ್ಮನ್ನೂ ಕೂಡಿಸಲಾಗಿದೆ. ಹೊಸ ಓಎನ್‌ಟಿ ನೋಂದಾಯಿಸುವಾಗ ನಮ್ಮ ಖಾತೆಯನ್ನು ಮನೆಬಳಕೆಯ ಯೋಜನೆಗೆ ಸೇರಿಸಿರಬಹುದೆಂದು ನನ್ನ ಅನುಮಾನ. ವಿಳಾಸ ಬದಲಾದಂತೆಲ್ಲ ಜಾಲತಾಣದ ಹೆಸರನ್ನು ಹೊಸ ವಿಳಾಸಕ್ಕೆ ಜೋಡಿಸುವ ಡೈನಾಮಿಕ್ ಡಿಎನ್‌ಎಸ್ ಬಳಸಿ ಎಂದೂ ಒಬ್ಬರು ಸಲಹೆ ಕೊಟ್ಟರು. ಹಂಚಿಕೆಯ ವಿಳಾಸದಿಂದ ಒಳಬರುವ ದಾರಿಯೇ ಇಲ್ಲದಿರುವಾಗ ಅದರಿಂದ ಪ್ರಯೋಜನವಿಲ್ಲ.

ಮದುವೆಯ ಹಂಗಾಮಿನಲ್ಲಿ ಬೇಡಿಕೆ ನಿಂತಿದೆ, ನಮಗೆ ಖಣ ನೇಯ್ದುಕೊಡುವವರಿಗೂ ಅದರ ಪೆಟ್ಟು ತಗಲಿದೆ. ಇದಲ್ಲದೆ, ಜಾಲತಾಣದ ಸುರಕ್ಷಿತ ಸಂಪರ್ಕಕ್ಕೆ ಬೇಕಾದ, 90 ದಿನಗಳ ನಮ್ಮ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರದ ನವೀಕರಣಕ್ಕೆ ಹೊರಗಿನಿಂದ 80ನೇ ಪೋರ್ಟ್ ಸಿಗಬೇಕು. ಅದು ಸಿಗದೆ ನವೀಕರಣ ದಿನವೂ ವಿಫಲವಾಗುತ್ತಿದ್ದು, ಪ್ರಮಾಣಪತ್ರದ ಅವಧಿ ಮುಗಿಯಲು ಇನ್ನು 9 ದಿನಗಳಷ್ಟೇ ಉಳಿದಿವೆ.

ಆದ್ದರಿಂದ ನಮ್ಮ ಹಳೆಯ ಸ್ಥಿರ ವಿಳಾಸವನ್ನೇ ಈ 9 ದಿನಗಳೊಳಗೆ ಮರಳಿ ಕೊಡಬೇಕು, ಅದಿಲ್ಲದ ದಿನಗಳ ಶುಲ್ಕವನ್ನು ಮುಂದಿನ ಬಿಲ್ಲಿನಲ್ಲಿ ಕಳೆಯಬೇಕು, ಮತ್ತು ಹೊರಗಿನ ಸಂಪರ್ಕದಿಂದ ಜಾಲತಾಣ ತೆರೆಯುವುದನ್ನು ಖಚಿತಪಡಿಸಿಕೊಂಡ ಮೇಲೆಯೇ ಈ ದೂರನ್ನು ಮುಚ್ಚಬೇಕು ಎಂದು ವಿನಂತಿಸುತ್ತೇನೆ. ದೂರಿನ ಡಾಕೆಟ್ (ನೋಂದಣಿ) ಸಂಖ್ಯೆಯನ್ನೂ ದಯವಿಟ್ಟು ತಿಳಿಸಿರಿ. ಪರಿಹಾರ ಸಿಗದಿದ್ದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ದೂರು ಪರಿಹಾರ ನಿಯಮಗಳಂತೆ ತಮ್ಮ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸುತ್ತೇನೆ. ಬಿಲ್ಲುಗಳ ಪ್ರತಿ, ವ್ಯಾನ್ ಪುಟದ ಚಿತ್ರ ಮತ್ತು ಟಿಸಿಪಿಡಂಪ್ ದಾಖಲೆಯನ್ನು ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಖಣದ ವ್ಯಾಪಾರಿ, ಗುಳೇದಗುಡ್ಡ